ಕಚೇರಿಗೆ ಹೊಸ ಯಂತ್ರ ಬರುವ ಮುನ್ನ

ಕೆಲಸದ ಸ್ಥಳದಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆ ಮತ್ತು ಡಿಜಿಟಲ್ ಬದಲಾವಣೆಯ ಕುರಿತು ಮಂಗಳೂರು, ಉಡುಪಿ ಕಡೆಯ ಓದುಗರು ಕಳುಹಿಸಿದ ಪ್ರಶ್ನೆಗಳಲ್ಲಿ ಐದನ್ನು ಈ ಸಲ ಆಯ್ದುಕೊಂಡಿದ್ದೇನೆ. ಬರೆದವರ ಮತ್ತು ಅವರ ಸಂಸ್ಥೆಗಳ ಹೆಸರುಗಳನ್ನು ಅವರ ಕೋರಿಕೆಯಂತೆ ಬಿಟ್ಟಿದ್ದೇನೆ.

ಪ್ರಶ್ನೆ: ನಾನು ಬ್ರಹ್ಮಾವರ ಸಮೀಪದ ಸಹಕಾರಿ ಸಂಘವೊಂದರ ಮುಖ್ಯ ಕಾರ್ಯನಿರ್ವಹಣಾಧಿಕಾರಿ. ನಾಲ್ಕು ಶಾಖೆಗಳಲ್ಲಿ 26 ಮಂದಿ ಸಿಬ್ಬಂದಿ ಇದ್ದೇವೆ. ಸಾಲದ ಅರ್ಜಿಗಳ ಪರಿಶೀಲನೆಗೆ ಕೃತಕ ಬುದ್ಧಿಮತ್ತೆಯ ತಂತ್ರಾಂಶವನ್ನು ಅಳವಡಿಸಬೇಕೆಂದು ಆಡಳಿತ ಮಂಡಳಿ ನಿರ್ಣಯಿಸಿದೆ. ಕಂಪೆನಿಯವರು ಬಂದು ತೋರಿಸಿದ ಪ್ರಾತ್ಯಕ್ಷಿಕೆ ಚೆನ್ನಾಗಿಯೇ ಇತ್ತು. ಕಿರಿಯರು ಉತ್ಸಾಹದಲ್ಲಿದ್ದಾರೆ, ಆದರೆ ಹಿರಿಯ ಗುಮಾಸ್ತರು ಒಂದು ಮಾತನ್ನೂ ಆಡದೆ ಸಭೆಯಿಂದ ಎದ್ದುಹೋದರು. ಎಲ್ಲಿಂದ ಆರಂಭಿಸಲಿ?

ಉತ್ತರ: ಹಿರಿಯ ಗುಮಾಸ್ತರ ಆ ಮೌನದಿಂದಲೇ ಆರಂಭಿಸಿ. ಅವರು ಆಡದೆ ಉಳಿಸಿಕೊಂಡ ಮಾತು ಯಾವುದೆಂದು ತಿಳಿಯುವವರೆಗೆ ಕಂಪೆನಿಯವರ ಕರಾರು ಪತ್ರಕ್ಕೆ ಸಹಿ ಹಾಕಬೇಡಿ.

ಹೀಗೆನ್ನಲು ನನ್ನದೇ ಅನುಭವ ಕಾರಣ. ಬ್ಯಾಂಕುಗಳಲ್ಲಿ ಯಂತ್ರಗಳ ಬಳಕೆಯ ಬಗ್ಗೆ ನೌಕರ ಸಂಘಗಳಿಗೂ ಆಡಳಿತ ವರ್ಗಕ್ಕೂ ಒಪ್ಪಂದವಾದದ್ದು 1983ರಲ್ಲಿ, ಡಾ. ಸಿ. ರಂಗರಾಜನ್ ಅವರ ಸಮಿತಿ ಯಾಂತ್ರೀಕರಣದ ಕುರಿತು ವರದಿ ಕೊಟ್ಟದ್ದು ಮರುವರ್ಷ. ಅದಾಗಿ ಕೆಲವು ವರ್ಷಗಳ ನಂತರ ನಾನು ಗುಮಾಸ್ತನಾಗಿದ್ದ ಶಾಖೆಗೂ ಖಾತೆಗಳ ಲೆಕ್ಕವನ್ನು ನಮೂದಿಸುವ ಲೆಡ್ಜರ್ ಪೋಸ್ಟಿಂಗ್ ಯಂತ್ರ ಬಂತು. ಅದಕ್ಕೆ ಹೊದಿಸಿದ ಬಟ್ಟೆಯನ್ನು ತಿಂಗಳುಗಟ್ಟಲೆ ಯಾರೂ ಸರಿಸಲಿಲ್ಲ. ಲೆಡ್ಜರ್ ನೋಡಿಕೊಳ್ಳುತ್ತಿದ್ದ ಹಿರಿಯರಿಗೆ ಕೀಲಿಮಣೆಯ ಅಂಜಿಕೆ ಇದೆಯೆಂದೇ ನಾವು ಕಿರಿಯರೆಲ್ಲ ತಿಳಿದಿದ್ದೆವು. ಒಂದು ಸಂಜೆ ಚಹಾ ಕುಡಿಯುವಾಗ ಅವರೇ ವಿಷಯ ತೆಗೆದರು. ಲೆಡ್ಜರಿನ ಅಂಚಿನಲ್ಲಿ ಅವರು ಪೆನ್ಸಿಲಿನಿಂದ ಗುರುತು ಹಾಕಿಡುತ್ತಿದ್ದರು: ಈ ಖಾತೆಯವರು ಬೊಂಬಾಯಿಯಲ್ಲಿದ್ದಾರೆ, ಊರಿನಿಂದ ಚೆಕ್ಕು ಬಂದರೆ ವಿಚಾರಿಸಬೇಕು, ಈ ಇಬ್ಬರು ಅಣ್ಣತಮ್ಮಂದಿರ ಸಹಿ ಒಂದೇ ರೀತಿ ಇದೆ. ಇವನ್ನೆಲ್ಲ ಬರೆಯಲು ಯಂತ್ರದಲ್ಲಿ ಜಾಗವೇ ಇರಲಿಲ್ಲ, ತಪ್ಪು ಪಾವತಿಯಾದರೆ ಉತ್ತರ ಕೊಡಬೇಕಾದವರು ಮಾತ್ರ ಅವರೇ. ಆ ಗುರುತುಗಳಿಗೆಂದು ಬೇರೊಂದು ರಿಜಿಸ್ಟರ್ ಮಾಡಿಕೊಟ್ಟ ಮೇಲೆ ಬಟ್ಟೆ ಸರಿಯಿತು.

ನಿಮ್ಮ ಸಂಘದಲ್ಲಿಯೂ ಅಂಥ ಪೆನ್ಸಿಲ್ ಗುರುತುಗಳು ಇದ್ದೇ ಇರುತ್ತವೆ; ಹಲವು ಗುಮಾಸ್ತರ ನೆನಪಿನಲ್ಲಿ ಮಾತ್ರ ಇರುತ್ತವೆ. ನಮ್ಮ ಕಡೆ ಒಂದೇ ಗ್ರಾಮದಲ್ಲಿ ಒಂದೇ ಹೆಸರಿನ ಮೂವರು ಶೆಟ್ಟರಿದ್ದರೆ ಅವರನ್ನು ಬೇರೆ ಮಾಡಿ ತಿಳಿಯುವುದು ಮನೆಯ ಹೆಸರಿನಿಂದ. ಸದಸ್ಯರು ತುಳುವಿನಲ್ಲಿ ಹೇಳಿದ್ದನ್ನು ಗುಮಾಸ್ತರು ಕನ್ನಡದಲ್ಲಿ ಬರೆದುಕೊಂಡು, ಇಂಗ್ಲಿಷಿನ ನಮೂನೆಗೆ ಇಳಿಸುತ್ತಾರೆ. ಪಹಣಿಯಲ್ಲಿ ಎಂದೋ ತೀರಿಹೋದ ಅಜ್ಜನ ಹೆಸರಿದ್ದು, ಕುಟುಂಬದ ಪಾಲುಪಟ್ಟಿ ಆಗದೆ, ತೋಟವನ್ನು ಮೊಮ್ಮಗ ನೋಡಿಕೊಳ್ಳುತ್ತಿರುತ್ತಾನೆ. ಕಂಪೆನಿಯವರು ಪ್ರಾತ್ಯಕ್ಷಿಕೆಗೆಂದು ತಂದ ಕಡತದಲ್ಲಿ ಇಂಥದ್ದೊಂದೂ ಇದ್ದಿರಲಾರದು.

ಆದುದರಿಂದ ಮೊದಲ ಹದಿನೈದು ದಿನ ತಂತ್ರಾಂಶದ ಮಾತನ್ನೇ ಬಿಟ್ಟು, ಇಬ್ಬರು ಹಿರಿಯರು ಮತ್ತು ಒಬ್ಬ ಕಿರಿಯ ಸಿಬ್ಬಂದಿಯನ್ನು ಕೂರಿಸಿ, ಕಳೆದ ವರ್ಷದ 40 ಕಡತಗಳನ್ನು ತೆರೆಸಿ. ಅವುಗಳಲ್ಲಿ ಸುಸ್ತಿಯಾದ ಸಾಲಗಳೂ, ತಿರಸ್ಕರಿಸಿದ ಅರ್ಜಿಗಳೂ ಇರಲಿ. ಅರ್ಜಿ ಯಾವ ಮೇಜಿನಲ್ಲಿ ಎಷ್ಟು ದಿನ ಕಾದಿತೆಂದು ಬರೆದಿಡಿ. ನಾನು ನೋಡಿದ ಬಹುತೇಕ ಕಡೆಗಳಲ್ಲಿ ಅರ್ಜಿ ಕಾಯುತ್ತಿದ್ದದ್ದು ಜಾಮೀನುದಾರರ ಸಹಿಗೆ, ಇಲ್ಲವೇ ಮಂಡಳಿಯ ಮುಂದಿನ ಸಭೆಗೆ. ಎರಡು ಗಂಟೆಯ ಪರಿಶೀಲನೆಯನ್ನು ತಂತ್ರಾಂಶವು ಹತ್ತು ನಿಮಿಷಕ್ಕೆ ಇಳಿಸಿದರೂ, ಸಭೆ ತಿಂಗಳಿಗೊಮ್ಮೆಯೇ ಸೇರುವುದಾದರೆ ಸದಸ್ಯರಿಗೆ ಹಣ ಸಿಗುವ ದಿನವೇನೂ ಮುಂದೆ ಬಾರದು.

ವಿದ್ಯುತ್ತಿನ ಕಥೆ ಇದಕ್ಕೆ ಒಳ್ಳೆಯ ನಿದರ್ಶನ. 1880ರ ದಶಕದಲ್ಲಿ ಅಮೆರಿಕದಲ್ಲಿ ವಿದ್ಯುತ್ ಕೇಂದ್ರಗಳು ಆರಂಭವಾದವು. ಕಾರ್ಖಾನೆಯವರು ಉಗಿಯಂತ್ರವನ್ನು ತೆಗೆದು ಅದೇ ಜಾಗದಲ್ಲಿ ಒಂದು ದೊಡ್ಡ ಮೋಟರನ್ನಿಟ್ಟು, ಮಾಡಿನಡಿಯ ಅದೇ ಉದ್ದನೆಯ ಅಚ್ಚನ್ನೂ ಅದೇ ಬೆಲ್ಟುಗಳನ್ನೂ ತಿರುಗಿಸಿದರು. ಲಾಭ ಅಷ್ಟಕ್ಕಷ್ಟೇ ಆಯಿತು. ಒಂದೊಂದು ಯಂತ್ರಕ್ಕೂ ತನ್ನದೇ ಮೋಟರು ಕೊಟ್ಟು, ಕೆಲಸ ಸಾಗುವ ಕ್ರಮಕ್ಕೆ ತಕ್ಕಂತೆ ಯಂತ್ರಗಳನ್ನು ಹೊಸದಾಗಿ ಜೋಡಿಸಿದ ಮೇಲೆಯೇ, ಅಂದರೆ 1920ರ ದಶಕದಲ್ಲಿ, ಉತ್ಪಾದನೆ ಏರಿತು. ನಡುವೆ ಸುಮಾರು 40 ವರ್ಷ ಕಳೆದಿತ್ತು. ಆರ್ಥಿಕ ಇತಿಹಾಸಕಾರ ಪಾಲ್ ಡೇವಿಡ್ 1990ರಲ್ಲಿ ಗಣಕಯಂತ್ರಗಳ ನಿಧಾನ ಫಲವನ್ನು ವಿವರಿಸಲು ಈ ಉದಾಹರಣೆಯನ್ನೇ ಬಳಸಿದರು. ಹಳೆಯ ಅಕ್ಕಿಗಿರಣಿಯ ಬೆಲ್ಟುಗಳನ್ನು ಕಂಡವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ.

ಕಡತಗಳನ್ನು ನೋಡಿ ಮುಗಿಸಿದ ಮೇಲೆ ತಂತ್ರಾಂಶಕ್ಕೆ ಒಂದೇ ಒಂದು ಕೆಲಸ ಕೊಡಿ. ಸಾಲ ಕೊಡಬಹುದೋ ಬಾರದೋ ಎಂಬ ತೀರ್ಮಾನವನ್ನು ಅದಕ್ಕೆ ವಹಿಸಬೇಡಿ. ಹಳೆಯ ತೀರ್ಮಾನಗಳಿಂದ ಕಲಿತ ಯಂತ್ರವು ಹಳೆಯ ಪಕ್ಷಪಾತವನ್ನೂ ಕಲಿತಿರುತ್ತದೆ. ಹಿಂದೆ ಯಾವುದೋ ಕಾಲನಿಯ ಅರ್ಜಿಗಳನ್ನು ಸಂಘವು ತಿರಸ್ಕರಿಸುತ್ತ ಬಂದಿದ್ದರೆ, ಅದೂ ಹಾಗೆಯೇ ಮಾಡುತ್ತದೆ, ಆದರೆ ಅಂಕಿಯ ರೂಪದಲ್ಲಿ ಹೇಳುವುದರಿಂದ ಯಾರೂ ಪ್ರಶ್ನಿಸುವುದಿಲ್ಲ. ದಾಖಲೆಗಳು ಪೂರ್ಣವಾಗಿವೆಯೇ, ಪಹಣಿಯ ಸರ್ವೆ ನಂಬರ್ ಮತ್ತು ವಿಸ್ತೀರ್ಣ ಅರ್ಜಿಯೊಂದಿಗೆ ತಾಳೆಯಾಗುತ್ತವೆಯೇ ಎಂದು ನೋಡಿ ಟಿಪ್ಪಣಿ ಬರೆಯುವಷ್ಟು ಕೆಲಸ ಆರಂಭಕ್ಕೆ ಸಾಕು. ಅದರಲ್ಲಿಯೂ ತಪ್ಪಾಗುತ್ತದೆ. ಮಸುಕಾದ ನಕಲಿನಲ್ಲಿ 48/2 ಎಂದಿದ್ದರೆ ಅದು 43/2 ಎಂದು ಓದಿ, ಕಿಂಚಿತ್ತೂ ಅನುಮಾನವಿಲ್ಲದ ಧಾಟಿಯಲ್ಲಿ ಬರೆದುಬಿಡಬಹುದು. ಹಾಗಾಗಿ ಮೂರು ತಿಂಗಳು ಕೈ ಪರಿಶೀಲನೆಯೂ ಯಂತ್ರ ಪರಿಶೀಲನೆಯೂ ಜೊತೆಯಾಗಿ ನಡೆಯಲಿ. ತಪ್ಪುಗಳನ್ನು ಬರೆದಿಡುವ ಪುಸ್ತಕ ಹಿರಿಯ ಗುಮಾಸ್ತರ ಕೈಯಲ್ಲಿರಲಿ, ಬೇಡವೆನಿಸಿದ ದಿನ ತಂತ್ರಾಂಶವನ್ನು ನಿಲ್ಲಿಸುವ ಅಧಿಕಾರವೂ ಅವರಿಗಿರಲಿ.

ಜೋಡಿ ವ್ಯವಸ್ಥೆಗೆ ಕೊನೆಯ ದಿನಾಂಕವನ್ನೂ ಮೊದಲೇ ಗೊತ್ತುಮಾಡಿ, ಇಲ್ಲವಾದರೆ ಎರಡು ಕೆಲಸವೂ ಶಾಶ್ವತವಾಗಿ ಸಿಬ್ಬಂದಿಯ ತಲೆಯ ಮೇಲೆ ಉಳಿಯುತ್ತದೆ. 'ಭೂಮಿ' ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದಾಗ, ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಸಾರಿದ್ದರಿಂದಲೇ ಹೊಸ ಪದ್ಧತಿ ನೆಲೆನಿಂತಿತು. ಅದೇ ವೇಳೆ, ನಮೂದಿಸುವಾಗ ನುಸುಳಿದ ತಪ್ಪುಗಳ ತಿದ್ದುಪಡಿಗೆ ರೈತರು ತಾಲೂಕು ಕಚೇರಿಗೆ ಅಲೆದದ್ದನ್ನೂ ನಾವು ಕಂಡಿದ್ದೇವೆ. ಎರಡೂ ನಿಮಗೆ ಪಾಠ.

ಕರಾರಿನಲ್ಲಿ ಮೂರು ವಿಷಯ ಸ್ಪಷ್ಟವಿರಲಿ: ಸದಸ್ಯರ ದಾಖಲೆಗಳು ಎಲ್ಲಿ ಶೇಖರವಾಗುತ್ತವೆ, ಅವುಗಳಿಂದ ಕಂಪೆನಿ ತನ್ನ ಯಂತ್ರಕ್ಕೆ ತರಬೇತಿ ಕೊಡಬಹುದೇ, ಕರಾರು ಮುರಿದರೆ ಅವು ನಿಮಗೆ ಯಾವ ರೂಪದಲ್ಲಿ ಮರಳುತ್ತವೆ. ಹಾಗೆಯೇ, ಮಂಡಳಿಯ ಸದಸ್ಯರಿಗಿಂತ ಮೊದಲು ಪಿಗ್ಮಿ ಸಂಗ್ರಾಹಕರಿಗೆ ಈ ವಿಷಯವನ್ನು ವಿವರಿಸಿ. 1928ರಲ್ಲಿ ಉಡುಪಿಯ ಬ್ಯಾಂಕೊಂದು, ಅಂದರೆ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆ, ಪಿಗ್ಮಿ ಠೇವಣಿಯನ್ನು ಆರಂಭಿಸಿದಂದಿನಿಂದ ನಮ್ಮ ಜಿಲ್ಲೆಗಳಲ್ಲಿ ಹಣದ ಕುರಿತ ಸಂದೇಹಗಳನ್ನು ಜನ ಕೇಳುವುದು ಮನೆ ಬಾಗಿಲಿಗೆ ಬರುವ ಆ ವ್ಯಕ್ತಿಯನ್ನೇ.

ಪ್ರಶ್ನೆ: ಸಣ್ಣ ವ್ಯಾಪಾರಕ್ಕೆ ಯಾವ ಕೃತಕ ಬುದ್ಧಿಮತ್ತೆಯ ತಂತ್ರಾಂಶ ಅತ್ಯುತ್ತಮ? ದಯವಿಟ್ಟು ಹೆಸರು ತಿಳಿಸಿ. (ಹಾರ್ಡ್‌ವೇರ್ ವ್ಯಾಪಾರಿ, ಮಂಗಳೂರು ಬಂದರು)

ಉತ್ತರ: ಹೆಸರು ಹೇಳಲಾರೆ, ಇಂದು ಮೇಲಿರುವುದು ಆರು ತಿಂಗಳಲ್ಲಿ ಕೆಳಗಿಳಿದಿರುತ್ತದೆ. ನಿಮ್ಮ ಅಂಗಡಿಯ ಹಳೆಯ 30 ಬಿಲ್ಲುಗಳು ಮತ್ತು ಗ್ರಾಹಕರು ಕನ್ನಡದಲ್ಲಿಯೋ ಬ್ಯಾರಿಯಲ್ಲಿಯೋ ಕಳುಹಿಸಿದ 30 ಸಂದೇಶಗಳನ್ನು ಹೆಸರು, ದೂರವಾಣಿ ಸಂಖ್ಯೆ ಅಳಿಸಿ ಎರಡು ಮೂರು ತಂತ್ರಾಂಶಗಳಿಗೆ ಕೊಟ್ಟು, ಯಾವುದು ಕಡಿಮೆ ತಪ್ಪು ಮಾಡುತ್ತದೆಂದು ನೀವೇ ಎಣಿಸಿ. ಅರ್ಧ ದಿನದ ಕೆಲಸ. ಜಾಹೀರಾತಿಗಿಂತ ಅದು ನಂಬಿಕೆಗೆ ಯೋಗ್ಯ.

ಪ್ರಶ್ನೆ: ನಾನು ಮಂಗಳೂರಿನ ಆಸ್ಪತ್ರೆಯೊಂದರ ವಿಮಾ ವಿಭಾಗದಲ್ಲಿದ್ದೇನೆ. ವಿಮಾ ಕಂಪೆನಿಗಳ ಆಕ್ಷೇಪಗಳಿಗೆ ದಿನಕ್ಕೆ ಹತ್ತಾರು ಉತ್ತರ ಬರೆಯಬೇಕು. ನಾವು ನಾಲ್ವರು ನಮ್ಮ ಸ್ವಂತ ಮೊಬೈಲಿನ ಚಾಟ್‌ಜಿಪಿಟಿಗೆ ರೋಗಿಯ ಡಿಸ್ಚಾರ್ಜ್ ಸಮ್ಮರಿಯನ್ನು ಕೊಟ್ಟು ಪತ್ರ ಬರೆಸುತ್ತೇವೆ. ವ್ಯವಸ್ಥಾಪಕರಿಗೆ ಗೊತ್ತಿಲ್ಲ. ಇದು ತಪ್ಪೇ?

ಉತ್ತರ: ಪತ್ರ ಬರೆಯಲು ಯಂತ್ರದ ನೆರವು ಪಡೆದದ್ದು ತಪ್ಪಲ್ಲ. ಡಿಸ್ಚಾರ್ಜ್ ಸಮ್ಮರಿಯನ್ನು ಕೊಟ್ಟದ್ದು ತಪ್ಪು, ಇಂದೇ ನಿಲ್ಲಿಸಬೇಕು.

ರೋಗಿಯು ಆ ಮಾಹಿತಿಯನ್ನು ಆಸ್ಪತ್ರೆಗೆ ಕೊಟ್ಟದ್ದು ಚಿಕಿತ್ಸೆಗಾಗಿ. ನಿಮ್ಮ ಖಾಸಗಿ ಖಾತೆಯ ಮೂಲಕ ಅದು ಆಸ್ಪತ್ರೆಗೆ ಯಾವ ಕರಾರೂ ಇಲ್ಲದ ಇನ್ನೊಂದು ಕಂಪೆನಿಯ ಗಣಕಕ್ಕೆ ಹೋಗುತ್ತಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಇಂಥ ಮಾಹಿತಿಯನ್ನು ಕಾಪಾಡುವ ಹೊಣೆಯನ್ನು ಸಂಸ್ಥೆಯ ಮೇಲೆ ಹೊರಿಸಿದ್ದು, ಭದ್ರತೆಯ ಲೋಪಕ್ಕೆ 250 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಲು ಅವಕಾಶ ಕೊಟ್ಟಿದೆ. ಹೆಸರನ್ನು ಮಾತ್ರ ಅಳಿಸಿದರೆ ಸಾಲದು. ವಿರಳವಾದ ಕಾಯಿಲೆ, ವಯಸ್ಸು, ಊರು ಇಷ್ಟು ಸೇರಿದರೆ ನಮ್ಮಂಥ ಜಿಲ್ಲೆಯಲ್ಲಿ ವ್ಯಕ್ತಿ ಯಾರೆಂದು ತಿಳಿಯಲು ಎಷ್ಟು ಹೊತ್ತು ಬೇಕು? 2023ರಲ್ಲಿ ಸ್ಯಾಮ್‌ಸಂಗ್ ಕಂಪೆನಿಯ ಎಂಜಿನಿಯರುಗಳು ತಮ್ಮ ತಂತ್ರಾಂಶದ ಗೋಪ್ಯ ಮೂಲ ಸಂಕೇತವನ್ನು (ಸೋರ್ಸ್ ಕೋಡ್) ಹೀಗೆಯೇ ಚಾಟ್‌ಜಿಪಿಟಿಗೆ ಕೊಟ್ಟದ್ದು ಬೆಳಕಿಗೆ ಬಂದು, ಆ ಕಂಪೆನಿ ಇಂಥ ಸಾಧನಗಳ ಬಳಕೆಯನ್ನೇ ನಿಷೇಧಿಸಬೇಕಾಯಿತು. ಅವರೂ ಕೆಟ್ಟ ಉದ್ದೇಶದಿಂದ ಮಾಡಿರಲಿಲ್ಲ, ಕೆಲಸ ಬೇಗ ಮುಗಿಯಲೆಂದು ಮಾಡಿದ್ದರು.

ಇನ್ನೊಂದು ಅಪಾಯವೂ ಇದೆ. ಪಾಲಿಸಿಯಲ್ಲಿ ಇಲ್ಲದ ಷರತ್ತಿನ ಸಂಖ್ಯೆಯನ್ನು ಯಂತ್ರವು ಇದೆಯೆಂಬಂತೆ ಬರೆಯಬಲ್ಲದು. ಎಂದೂ ನಡೆಯದ ಮೊಕದ್ದಮೆಗಳನ್ನು ಚಾಟ್‌ಜಿಪಿಟಿಯಿಂದ ಎತ್ತಿಕೊಂಡು ನ್ಯಾಯಾಲಯಕ್ಕೆ ಸಲ್ಲಿಸಿದ ನ್ಯೂಯಾರ್ಕಿನ ವಕೀಲರಿಗೆ 2023ರ ಜೂನಿನಲ್ಲಿ 5,000 ಡಾಲರ್ ದಂಡ ಬಿದ್ದಿತ್ತು.

ಸದ್ಯಕ್ಕೆ ಮಾಡಬಹುದಾದದ್ದಿಷ್ಟು. ಪದೇ ಪದೇ ಬರುವ ಆಕ್ಷೇಪಗಳನ್ನು ಎಂಟೋ ಹತ್ತೋ ಬಗೆಯಾಗಿ ವಿಂಗಡಿಸಿ, ಪ್ರತಿಯೊಂದಕ್ಕೂ ರೋಗಿಯ ವಿವರವೇ ಇಲ್ಲದ ಮಾದರಿ ಪತ್ರವನ್ನು ಯಂತ್ರದಿಂದ ಬರೆಸಿ, ಬಿಟ್ಟ ಸ್ಥಳಗಳನ್ನು ಆಸ್ಪತ್ರೆಯ ಗಣಕದಲ್ಲಿಯೇ ನೀವು ತುಂಬಿರಿ. ಮತ್ತು ನಾಲ್ವರೂ ಒಟ್ಟಾಗಿ ವ್ಯವಸ್ಥಾಪಕರಿಗೆ ವಿಷಯ ತಿಳಿಸಿ, ಒಬ್ಬರೇ ಹೋಗಬೇಡಿ. ಈ ಅಂಕಣವನ್ನು ಓದುವ ವ್ಯವಸ್ಥಾಪಕರಿಗೆ ನನ್ನದೊಂದು ಮಾತು: ಸಿಬ್ಬಂದಿ ಕದ್ದುಮುಚ್ಚಿ ಬಳಸುತ್ತಿದ್ದಾರೆಂದರೆ ಕೆಲಸದ ಹೊರೆ ಎಲ್ಲಿದೆಯೆಂದು ಅವರು ನಿಮಗೆ ತೋರಿಸಿಕೊಟ್ಟಂತಾಯಿತು. ಅವರನ್ನು ಶಿಕ್ಷಿಸಿದರೆ ಅದೇ ಬಳಕೆ ನಾಳೆ ಶೌಚಾಲಯದ ಬಾಗಿಲ ಹಿಂದೆ ನಡೆಯುತ್ತದೆ.

ಪ್ರಶ್ನೆ: ಕಾರ್ಕಳ ತಾಲೂಕಿನಲ್ಲಿ ನಮ್ಮದೊಂದು ಗೇರುಬೀಜ ಕಾರ್ಖಾನೆ ಇದೆ. ಕ್ಯಾಮೆರಾದಿಂದ ನೋಡಿ ತಿರುಳನ್ನು ವಿಂಗಡಿಸುವ, ಕೃತಕ ಬುದ್ಧಿಮತ್ತೆಯ ಯಂತ್ರವನ್ನು ತರಿಸಲಿದ್ದೇವೆ. ವಿಂಗಡಣೆಯಲ್ಲಿ 34 ಮಂದಿ ಹೆಂಗಸರಿದ್ದಾರೆ, ಕೂಲಿ ಕಿಲೋ ಲೆಕ್ಕದಲ್ಲಿ. ಯಾರನ್ನೂ ತೆಗೆಯುವ ಯೋಚನೆಯಿಲ್ಲ. ಯಂತ್ರ ಬಂದ ಮೇಲೆ ಹೇಳಿದರೆ ಸಾಕಲ್ಲವೇ?

ಉತ್ತರ: ಸಾಲದು. ಅಡಿಪಾಯದ ಕಾಂಕ್ರೀಟು ಹಾಕಿದ ದಿನವೇ ಅವರಿಗೆ ವಿಷಯ ಗೊತ್ತಾಗಿರುತ್ತದೆ. ನೀವು ಹೇಳದಿದ್ದರೆ ಗಾಳಿಮಾತು ಹೇಳುತ್ತದೆ. ಇದಲ್ಲದೆ, ಕೆಲಸ ಕಡಿತಕ್ಕೆ ದಾರಿಯಾಗಬಹುದಾದ ಯಂತ್ರ ಸುಧಾರಣೆಗೆ ಮುನ್ನ ಕಾರ್ಮಿಕರಿಗೆ 21 ದಿನಗಳ ನೋಟಿಸು ಕೊಡಬೇಕೆಂಬ ನಿಯಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯಲ್ಲಿಯೇ ಇತ್ತು, 2020ರ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಉಳಿದಿದೆ. ನಿಮ್ಮ ಸಂದರ್ಭಕ್ಕೆ ಅದು ಹೇಗೆ ಅನ್ವಯಿಸುತ್ತದೆಂದು ಕಾರ್ಮಿಕ ಕಾನೂನು ಬಲ್ಲ ವಕೀಲರಲ್ಲಿ ಕೇಳಿಕೊಳ್ಳಿ.

ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು 'ಕಿಲೋ ಲೆಕ್ಕ' ಎಂಬ ಮಾತು. ಯಂತ್ರವು ಇಡಿಯಾದ, ಬಿಳಿಯಾದ, ಸುಲಭದ ತಿರುಳನ್ನು ತಾನು ಬೇರ್ಪಡಿಸಿ, ಸಿಪ್ಪೆ ಅಂಟಿದ್ದು, ಕಂದಿದ್ದು, ಹೋಳು, ತುಂಡು ಇವನ್ನೆಲ್ಲ ಕೈ ವಿಂಗಡಣೆಗೆ ಬಿಡುತ್ತದೆ. ಮೊದಲು ಸುಲಭದ್ದೂ ಕಷ್ಟದ್ದೂ ಬೆರೆತು ಬರುತ್ತಿದ್ದಾಗ ಗಂಟೆಗೆ ಆಗುತ್ತಿದ್ದಷ್ಟು ಕಿಲೋ ಇನ್ನು ಆಗುವುದಿಲ್ಲ. ದರವನ್ನು ಹಾಗೆಯೇ ಬಿಟ್ಟರೆ, ಒಬ್ಬರನ್ನೂ ತೆಗೆಯದೆಯೂ ಮೂವತ್ತನಾಲ್ಕು ಮಂದಿಯ ಕೂಲಿಯನ್ನು ನೀವು ಇಳಿಸಿದಂತಾಗುತ್ತದೆ. ಮೊದಲ ವಾರದ ಬಟವಾಡೆಯಲ್ಲೇ ಅದು ಅವರಿಗೆ ತಿಳಿಯುತ್ತದೆ. ಯಂತ್ರ ಬರುವ ಮೊದಲೇ ಒಂದು ತಿಂಗಳ ಸರಾಸರಿ ದಿನಗೂಲಿಯನ್ನು ಲೆಕ್ಕ ಹಾಕಿ, ಹೊಸ ದರ ಗೊತ್ತಾಗುವವರೆಗೆ ಅದಕ್ಕಿಂತ ಕಡಿಮೆಯಾಗದೆಂದು ಬರೆದು ಕೊಡಿ.

ಇನ್ನು ಯಂತ್ರದ ವಿಷಯ. ಹಳೆಯ ಕಲರ್ ಸಾರ್ಟರ್ ಬಣ್ಣದ ಒಂದು ಮಿತಿಯನ್ನಷ್ಟೇ ನೋಡುತ್ತಿತ್ತು. ಹೊಸದು ಸಾವಿರಾರು ಚಿತ್ರಗಳಿಂದ ಕಲಿಯುತ್ತದೆ, ಆ ಚಿತ್ರಗಳಿಗೆ ಇದು ಒಳ್ಳೆಯದು, ಇದು ಕಂದಿದ್ದು ಎಂದು ಮೊದಲು ಯಾರಾದರೂ ಹೆಸರು ಕೊಟ್ಟಿರಬೇಕು. ನಿಮ್ಮಲ್ಲಿ ಆ ಕೆಲಸವನ್ನು ಮಾಡಬಲ್ಲವರು ಇದೇ ಹೆಂಗಸರು. ಡಬ್ಲ್ಯು-320 ದರ್ಜೆ ಎಂದರೆ ಒಂದು ಪೌಂಡಿಗೆ 300ರಿಂದ 320 ತಿರುಳು ಎಂಬುದು ಪಟ್ಟಿಯಲ್ಲಿದೆ. ಆದರೆ ಯಾವ ಕಂದು ಬಣ್ಣವನ್ನು ಕೊಳ್ಳುವವರು ಒಪ್ಪುತ್ತಾರೆ, ಯಾವುದನ್ನು ಹಿಂದಿರುಗಿಸುತ್ತಾರೆ ಎಂಬುದು ಈ ಹೆಂಗಸರ ಕಣ್ಣಿನಲ್ಲಿದೆ. ಊರಿನ ಗೇರುಬೀಜದಿಂದ ಕಲಿತ ಯಂತ್ರ ಆಫ್ರಿಕಾದಿಂದ ಬಂದ ಬೀಜದ ತಿರುಳಿನಲ್ಲಿ ಎಡವಬಹುದು, ಆಗ ಮತ್ತೆ ಕಲಿಸಬೇಕಾಗುತ್ತದೆ. ಅನುಭವವುಳ್ಳ ಐದಾರು ಮಂದಿಯನ್ನು ಈ ಕಲಿಸುವ ಮತ್ತು ತಪಾಸಣೆಯ ಕೆಲಸಕ್ಕೆ ತಿಂಗಳ ಸಂಬಳದ ಮೇಲೆ ನೇಮಿಸಿ. ಪುಕ್ಕಟೆಯಾಗಿ ಮಾಡಿಸಿಕೊಳ್ಳುವ ಕೆಲಸವಲ್ಲ ಅದು.

ಪ್ರಶ್ನೆ: ಉಡುಪಿ ರಥಬೀದಿಯ ಹತ್ತಿರ ನಮ್ಮ ವಸತಿಗೃಹವಿದೆ. ವಾಟ್ಸ್‌ಆ್ಯಪಿನಲ್ಲಿ ಗ್ರಾಹಕರಿಗೆ ತಾನಾಗಿ ಉತ್ತರಿಸುವ ವ್ಯವಸ್ಥೆಯನ್ನು ಹಾಕಿಸಿದ್ದೆವು. ಕೃಷ್ಣಮಠದ ಪರ್ಯಾಯ ಉತ್ಸವದ ದಿನಗಳ ಕೊಠಡಿಗೆ ಶಿವಮೊಗ್ಗದ ಕುಟುಂಬವೊಂದಕ್ಕೆ ಅದು ಮಾಮೂಲಿ ದರವನ್ನೇ ತಿಳಿಸಿತು. ಬಂದಾಗ ಹಬ್ಬದ ದರ ಕೇಳಿದ್ದಕ್ಕೆ ಜಗಳವಾಯಿತು, ಕೊನೆಗೆ ಅವರು ಹೆಚ್ಚಿನ ದರವನ್ನೇ ಕೊಟ್ಟು ಹೋದರು. ಯಂತ್ರ ಮಾಡಿದ ತಪ್ಪಿಗೆ ನಾವು ಹೊಣೆಯೇ?

ಉತ್ತರ: ಹೌದು. ಏರ್ ಕೆನಡಾ ವಿಮಾನ ಸಂಸ್ಥೆ ಇದೇ ಪ್ರಶ್ನೆಯನ್ನು ಕೇಳಿ ಉತ್ತರ ಪಡೆದಿದೆ. ಅಜ್ಜಿ ತೀರಿಕೊಂಡಾಗ ಟಿಕೆಟ್ ಕೊಳ್ಳಲು ಹೊರಟ ಪ್ರಯಾಣಿಕರಿಗೆ, ರಿಯಾಯಿತಿಯನ್ನು ಪ್ರಯಾಣದ ನಂತರವೂ ಕೇಳಬಹುದೆಂದು ಅದರ ಚಾಟ್‌ಬಾಟ್ ತಿಳಿಸಿತ್ತು. ಸಂಸ್ಥೆಯ ನಿಯಮ ಹಾಗಿರಲಿಲ್ಲ. ಚಾಟ್‌ಬಾಟ್ ತನ್ನ ಮಾತಿಗೆ ತಾನೇ ಹೊಣೆ ಎಂಬರ್ಥದಲ್ಲಿ ಸಂಸ್ಥೆ ವಾದಿಸಿತು. ಬ್ರಿಟಿಷ್ ಕೊಲಂಬಿಯಾದ ನ್ಯಾಯಮಂಡಳಿ 2024ರ ಫೆಬ್ರವರಿಯಲ್ಲಿ ಆ ವಾದವನ್ನು ತಳ್ಳಿಹಾಕಿ, ಬಡ್ಡಿ ಮತ್ತು ಶುಲ್ಕ ಸೇರಿ ಸುಮಾರು 812 ಕೆನಡಿಯನ್ ಡಾಲರ್ ಕೊಡಿಸಿತು. ಆ ತೀರ್ಪು ನಮ್ಮ ದೇಶದಲ್ಲಿ ಬದ್ಧವಲ್ಲ, ಆದರೂ ನಿಮ್ಮ ಕೌಂಟರಿನಲ್ಲಿ ಕೂರುವ ಹುಡುಗ ತಪ್ಪು ದರ ಹೇಳಿದ್ದರೆ ನೀವು ಏನು ಮಾಡುತ್ತಿದ್ದಿರೋ ಇಲ್ಲಿಯೂ ಅದನ್ನೇ ಮಾಡಬೇಕಾಗುತ್ತದೆ.

ಎರಡು ವರ್ಷಕ್ಕೊಮ್ಮೆ ಜನವರಿ 18ಕ್ಕೆ ಪರ್ಯಾಯ ಬರುತ್ತದೆಂಬುದು ಉಡುಪಿಯ ಮಕ್ಕಳಿಗೂ ಗೊತ್ತು. ಯಂತ್ರಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ. ದರ, ಮುಂಗಡ, ರದ್ದತಿ ಈ ಮೂರರ ಪ್ರಶ್ನೆಗಳಿಗೆ ಅದು ಸ್ವಂತವಾಗಿ ಉತ್ತರಿಸದೆ ಕೌಂಟರಿಗೆ ವರ್ಗಾಯಿಸುವಂತೆ ಮಾಡಿಸಿ. ದಾರಿ, ಊಟದ ಸಮಯ, ವಾಹನ ನಿಲುಗಡೆ ಇಂಥವುಗಳಿಗೆ ನೀವೇ ಬರೆದುಕೊಟ್ಟ ಹಾಳೆಯಿಂದ ಮಾತ್ರ ಉತ್ತರ ಕೊಡಲಿ. ಹಿಂದಿನ ದಿನದ ಸಂಭಾಷಣೆಗಳನ್ನು ಪ್ರತಿದಿನ ಬೆಳಗ್ಗೆ ಒಬ್ಬರು ಓದಿ ನೋಡಲಿ, ಕಾಲು ಗಂಟೆ ಸಾಕು. ಶಿವಮೊಗ್ಗದ ಕುಟುಂಬಕ್ಕೆ ವ್ಯತ್ಯಾಸದ ಹಣವನ್ನು ಒಂದು ಕ್ಷಮಾಪಣೆಯ ಮಾತಿನೊಂದಿಗೆ ಕಳುಹಿಸಿಬಿಡಿ. ನಿಮ್ಮ ವಸತಿಗೃಹದ ಹೆಸರಿನಲ್ಲಿಯೇ ಹೋದ ಆ ಸಂದೇಶ ಅವರ ಮೊಬೈಲಿನಲ್ಲಿ ಇನ್ನೂ ಇದೆ.